ಬಲಗಾಲಿನ ಅಚ್ಚು

ನಮ್ಮ ಚಿಕ್ಕಮ್ಮನಿಗೆ ಜನರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ರಸ್ತೆಯಲ್ಲಿ ಯಾರಾದರೂ ನಗುನಗುತ್ತಾ ಮಾತಾಡಿಸಿದರೆ ಪೆಚ್ಚಾಗಿ ನಿಲ್ಲುತ್ತಾಳೆ. ಆಮೇಲೆ ಕಣ್ಣು ಕೆಳಗಿಳಿಸಿ, ಅವರ ಪಾದ ನೋಡಿ, "ಓ, ನೀವಾ! ಹಿಮ್ಮಡಿ ನೋವು ಈಗ ಹೇಗಿದೆ?" ಎನ್ನುತ್ತಾಳೆ. ನಮ್ಮೂರ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿ ಗೋದಾಮಿಗೂ ನಡುವೆ ಸಿಕ್ಕಿಕೊಂಡ ಒಂದು ಉದ್ದನೆಯ ಕೊಠಡಿಯಿದೆ. ಬಾಗಿಲು ತಳ್ಳಿದರೆ ತೊಗಲು ಮತ್ತು ಅಂಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಅಂಗಡಿಯ ಬೂಟು ಹಿಡಿಸದ ಕಾಲುಗಳಿಗೆ ಅಲ್ಲಿ ಬೂಟು ಮಾಡುತ್ತಾರೆ. ಗಿಡ್ಡಗಾದ ಕಾಲು, ತಿರುಚಿಕೊಂಡ ಕಾಲು, ಬೆರಳಿಲ್ಲದ ಕಾಲು ಎಲ್ಲವೂ ಅಲ್ಲಿಗೇ ಬರುತ್ತವೆ. ಚಿಕ್ಕಮ್ಮನ ಮುಕ್ಕಾಲು ಆಯಸ್ಸು ಆ ಕೊಠಡಿಯಲ್ಲೇ ಸವೆದಿದೆ. ಊರಿನವರ ಕಾಲಿಗೆಲ್ಲ ಬೂಟು ಹೊಲಿದವಳು ತಾನು ಮಾತ್ರ ಸವೆದ ರಬ್ಬರ್ ಚಪ್ಪಲಿಯಲ್ಲೇ ಓಡಾಡುತ್ತಿದ್ದಳು. ನಾನು ಬೈದರೆ, "ಸರಿ ಇರೋ ಕಾಲಿಗೆ ಏನಾಗುತ್ತೆ ಬಿಡೇ" ಎನ್ನುತ್ತಿದ್ದಳು.

ಬೂಟಿಗೆ ಮೊದಲು ಅಚ್ಚು ಬೇಕು. ಅಚ್ಚು ಎಂದರೆ ಆ ಮನುಷ್ಯನ ಪಾದದ್ದೇ ಆಕಾರದ ಮರದ ತುಂಡು. ತೊಗಲನ್ನು ಅದರ ಮೇಲೆ ಎಳೆದು ಕೂರಿಸುತ್ತಾರೆ. ಚಿಕ್ಕಮ್ಮ ಕಲಿತ ಕ್ರಮದಲ್ಲಿ ಎರಡು ಕಾಲಿನ ಪೈಕಿ ಸರಿಯಿರುವ ಕಾಲಿನ ಅಚ್ಚು ಮೊದಲು. ಆಮೇಲೆ ಬೇರೆ ಮರದ ತುಂಡಿನಲ್ಲಿ ಅದರದೇ ಜೋಡಿಯನ್ನು ಕೆತ್ತಬೇಕು. ಆ ಜೋಡಿಯನ್ನು ಅರದಿಂದ ಉಜ್ಜುತ್ತಾ, ಇಲ್ಲಿ ಇಳಿಸಿ, ಅಲ್ಲಿ ತೊಗಲಿನ ಚೂರು ಅಂಟಿಸಿ ಉಬ್ಬಿಸಿ, ಊನವಾದ ಕಾಲಿನ ಆಕಾರಕ್ಕೆ ತರಬೇಕು. ಮರದಲ್ಲಿ ಈ ಕ್ರಮದಿಂದ ಯಾವ ಅಪಾಯವೂ ಇಲ್ಲ. ಎಡದ ತುಂಡನ್ನು ಎಷ್ಟು ಉಜ್ಜಿದರೂ ಮೇಜಿನ ಆ ತುದಿಯಲ್ಲಿರುವ ಬಲದ ತುಂಡು ತನ್ನ ಪಾಡಿಗೆ ತಾನಿರುತ್ತದೆ.

ಅವಳು ಈ ಕೆಲಸಕ್ಕೆ ಬಿದ್ದದ್ದೇ ನನ್ನ ಅಮ್ಮನಿಂದ. ಅಮ್ಮ ಅವಳಿಗೆ ಅಕ್ಕ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅಮ್ಮನ ಎಡಗಾಲನ್ನು ಸೊರಗಿಸಿ ಹೋಯಿತು. ಕಾಲು ಗಿಡ್ಡವಾಯಿತು, ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿತು, ಪಾದದ ನಡುಭಾಗ ಒಳಕ್ಕೆ ತಿರುಗಿತು. ಬೆರಳುಗಳಿಗೆ ಮಾತ್ರ ಏನೂ ಆಗಲಿಲ್ಲ. ಚಿಕ್ಕಮ್ಮನ ಕಾಲಿಗಂತೂ ಚಕ್ರ ಕಟ್ಟಿದ ಹಾಗಿತ್ತಂತೆ. ಶಾಲೆಯ ಆಟದ ಮೇಷ್ಟರು ಮನೆಗೇ ಬಂದು, ಈ ಹುಡುಗಿಯನ್ನು ಓಟದ ಪಂದ್ಯಕ್ಕೆ ಕಳಿಸಿ ಎಂದು ಕೇಳಿದರು. ಅಜ್ಜಿ, "ದೊಡ್ಡವಳು ಕಿಟಕೀಲಿ ಕೂತು ನೋಡೋದು, ಚಿಕ್ಕವಳು ಓಡೋದು. ನಮ್ಮನೇಲಿ ಅದೆಲ್ಲ ಬೇಡ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ಹೈಸ್ಕೂಲು ದೂರ, ದೊಡ್ಡವಳಿಗೆ ನಡೆಯಲಾಗದು. ಹಾಗಾಗಿ ಚಿಕ್ಕವಳ ಓದೂ ಅಲ್ಲಿಗೇ ನಿಂತಿತು, ಅಕ್ಕನಿಗೆ ಬೂಟು ಮಾಡುವುದನ್ನು ಕಲಿಯಲಿ ಎಂದು ಅವಳನ್ನು ಆ ಕೊಠಡಿಗೆ ಕಳಿಸಿದರು. ದೊಡ್ಡವಳ ಮದುವೆ ತಡವಾಯಿತು. ಅದು ಮುಗಿಯುವ ಹೊತ್ತಿಗೆ ಚಿಕ್ಕವಳನ್ನು ಕೇಳುವವರೂ ಮುಗಿದಿದ್ದರು. ಇದನ್ನೆಲ್ಲ ಚಿಕ್ಕಮ್ಮ ನನಗೆ ನಗುತ್ತಲೇ ಹೇಳಿದ್ದಾಳೆ. ಅಮ್ಮ ಮಾತ್ರ ಆ ವಿಷಯ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಚಿಕ್ಕಮ್ಮನಿಗೆ ಐವತ್ತು ದಾಟಿದ ಮೇಲೆ ಆ ಕೊಠಡಿಗೆ ಅಚ್ಚು ಕೆತ್ತುವ ಯಂತ್ರ ಬಂತು. ಅಳತೆಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಟ್ಟರೆ ಯಂತ್ರವೇ ಮರವನ್ನು ಕೆತ್ತಿ ಕೊಡುತ್ತದೆ. ಕಂಪ್ಯೂಟರಿಗೆ ಹಾಗೆ ಬರೆದು ಹೇಳುವ ಭಾಷೆ ಪೈಥಾನ್. ಕಲಿಸಲು ಬಂದ ಹೆಂಗಸನ್ನು ಎಲ್ಲರೂ ಮೆಷಿನ್ ಮೇಡಂ ಎನ್ನುತ್ತಿದ್ದರು. ಜೊತೆಯ ಕೆಲಸಗಾರರು, "ಈ ವಯಸ್ಸಲ್ಲಿ ನಮಗ್ಯಾಕೆ ಈ ತಲೆನೋವು" ಎಂದು ಒಬ್ಬೊಬ್ಬರಾಗಿ ಜಾರಿಕೊಂಡರು. ಚಿಕ್ಕಮ್ಮ ಹಟ ಹಿಡಿದು ಕೂತಳು. ನಾನು ಶಾಲೆಯಲ್ಲಿ ಗಣಿತ ಹೇಳುವವಳು. ಭಾನುವಾರ ಬಂದರೆ ಸಾಕು, "ಏಯ್ ಟೀಚರಮ್ಮ, ಇದೇನು ಹೇಳು" ಎಂದು ನನ್ನ ಪ್ರಾಣ ತಿನ್ನುತ್ತಿದ್ದಳು. ಅಳತೆಗಳಿಗೆ ಇಡುವ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು ಎಂದು ಗೊತ್ತಾದ ದಿನ ಹಿಗ್ಗಿ ಹೀರೇಕಾಯಿಯಾದಳು. ಬಲಗಾಲಿಗೆ ಬಲ, ಎಡಗಾಲಿಗೆ ಎಡ, ಅಷ್ಟೇ.

ಪ್ರತಿ ಕಾಲಿಗೂ ಒಂದು ಪಟ್ಟಿ. ಅದರಲ್ಲಿ ಮೊದಲು ಉದ್ದ, ಆಮೇಲೆ ಹಿಮ್ಮಡಿಯ ಎತ್ತರ. ಅವುಗಳ ಹಿಂದೆ ಬೆರಳಿನ ಹತ್ತಿರದ ಸುತ್ತಳತೆಗಳ ಒಂದು ಸಾಲು, ನಡುಪಾದದ್ದು ಒಂದು ಸಾಲು, ಹಿಮ್ಮಡಿಯದು ಒಂದು ಸಾಲು. ಹೀಗೆ ದೊಡ್ಡ ಪಟ್ಟಿಯ ಹೊಟ್ಟೆಯಲ್ಲಿ ಸಣ್ಣ ಪಟ್ಟಿಗಳು. ಚಿಕ್ಕಮ್ಮ ಮರದಲ್ಲಿ ಮಾಡುತ್ತಿದ್ದ ಕ್ರಮವನ್ನೇ ಇಲ್ಲಿಗೂ ತಂದಳು. ಬಲವನ್ನು ಪೂರ್ತಿ ಬರೆದು, ಅದರ ಜೋಡಿ ಮಾಡಲು ಎಡ = ಬಲ ಎಂದು ಬರೆದು, ಆಮೇಲೆ ಎಡವನ್ನು ತಿದ್ದುವುದು. ಕಣ್ಣುಮುಚ್ಚಿ ನಂಬುವವಳಲ್ಲ ಅವಳು. ಮೊದಲು ಬರೀ ಉದ್ದದ ಅಂಕಿಯೊಂದನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಿದಳು. ಎಡದ ಉದ್ದ ಬಲದ ಉದ್ದಕ್ಕೆ ಸಮ ಎಂದಳು, ಎಡದ್ದನ್ನು ಇಳಿಸಿದಳು, ಬಲದ್ದು ಅಲ್ಲಾಡಲಿಲ್ಲ. ಮರದ ಹಾಗೇ ಇದೆ ಎಂದು ಸಮಾಧಾನಪಟ್ಟುಕೊಂಡಳು.

ಅದೇ ಸಮಯಕ್ಕೆ ಅಮ್ಮನ ಎಡಗಾಲಿನ ಅಡಿಯಲ್ಲಿ ಹುಣ್ಣಾಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು, ಎರಡು ಪಾದಗಳಲ್ಲೂ ಸ್ಪರ್ಶ ಸತ್ತುಹೋಗಿತ್ತು. ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಹುಣ್ಣು ನೋಡಿ, ನನ್ನನ್ನು ಹೊರಗೆ ಕರೆದು, "ಆ ಜಾಗದ ಮೇಲೆ ಭಾರ ಬೀಳದ ಹಾಗೆ ಬೂಟು ಬೇಗ ಆಗ್ಬೇಕು. ಮುಂದಿನ ಸಲ ಬರೋಷ್ಟರಲ್ಲಿ ಇದು ಮಾಯದೇ ಇದ್ರೆ ಪಾದ ಉಳಿಯೋದು ಕಷ್ಟ" ಎಂದರು. ಅಷ್ಟು ವರ್ಷ ಕುಂಟುತ್ತಲೇ ಮನೆ, ಅಂಗಡಿ, ಬೀದಿ ಎಂದು ಓಡಾಡಿಕೊಂಡಿದ್ದವಳು ನನ್ನಮ್ಮ. ನಡೆಯುವುದೊಂದು ನಿಂತರೆ ಅವಳು ಉಳಿಯಲಾರಳು ಎಂದು ನನಗೆ ಖಂಡಿತವಾಗಿ ಗೊತ್ತಿತ್ತು, ಚಿಕ್ಕಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವಳು ಯಂತ್ರಕ್ಕೆ ಕೂತಳು. ಕೈಯಲ್ಲಿ ಕೆತ್ತುತ್ತಾ ಕೂತರೆ ತಡವಾಗುತ್ತದೆ, ಯಂತ್ರವಾದರೆ ಕೂಡಲೇ ಆಗುತ್ತದೆ. ಮೊದಲ ಜೋಡಿ ಅಚ್ಚು ಹೊರಬಂದಾಗ ನಾನೂ ಅಮ್ಮನೂ ಅಲ್ಲೇ ಇದ್ದೆವು. ಚಿಕ್ಕಮ್ಮ ಎರಡನ್ನೂ ಮೇಜಿನ ಮೇಲಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಎಡದ್ದು ಸರಿಯಾಗಿ ಅಮ್ಮನ ಊನದ ಕಾಲಿನ ಹಾಗೆ ಗಿಡ್ಡವಾಗಿ, ತಿರುಚಿಕೊಂಡು ಬಂದಿತ್ತು. ಬಲದ್ದೂ ಹಾಗೇ ಬಂದಿತ್ತು. ಕನ್ನಡಿಯಲ್ಲಿ ನೋಡಿದ ಹಾಗೆ ಎರಡು ಕುಂಟುಕಾಲುಗಳು ಅಕ್ಕಪಕ್ಕ ನಿಂತಿದ್ದವು. ಅಮ್ಮ ಒಂದು ಕ್ಷಣ ನೋಡಿ ಜೋರಾಗಿ ನಕ್ಕಳು.

"ಎರಡೂ ಕಾಲು ಒಂದೇ ಸಮ ಇರ್ಲಿ ಅಂತ ಚಿಕ್ಕೋಳಿದ್ದಾಗ ದಿನಾ ಕೇಳ್ಕೋತಿದ್ದೆ ಕಣೇ. ಈ ಕಡೆ ಸಮ ಮಾಡ್ತಾರೆ ಅಂದ್ಕೊಂಡಿರ್ಲಿಲ್ಲ ನೋಡು."

ಚಿಕ್ಕಮ್ಮ ನಗಲಿಲ್ಲ. ಪರದೆಯನ್ನು ದಿಟ್ಟಿಸುತ್ತಾ, "ಬಲಾನ ನಾನು ಮುಟ್ಟೇ ಇಲ್ವಲ್ಲ" ಎಂದು ಮತ್ತೆ ಮತ್ತೆ ಗೊಣಗಿದಳು.

ಮಾರನೆಯ ದಿನ ಮೆಷಿನ್ ಮೇಡಂ ಬಂದು ಬಿಡಿಸಿ ಹೇಳಿದರಂತೆ. ಪೈಥಾನಿನಲ್ಲಿ ಹೆಸರು ಎನ್ನುವುದು ವಸ್ತುವಲ್ಲ, ವಸ್ತುವನ್ನು ಕರೆಯುವ ರೀತಿ ಮಾತ್ರ. ಎಡ = ಬಲ ಎಂದು ಬರೆದರೆ ಎರಡನೆಯ ಪಟ್ಟಿ ಹುಟ್ಟುವುದಿಲ್ಲ, ಇರುವ ಒಂದೇ ಪಟ್ಟಿಗೆ ಎರಡನೆಯ ಹೆಸರು ಸಿಗುತ್ತದೆ. ಚಿಕ್ಕಮ್ಮ ನನಗೆ ಅದನ್ನು ತನ್ನದೇ ರೀತಿಯಲ್ಲಿ ಒಪ್ಪಿಸಿದಳು. "ನಾನು ಅಕ್ಕ ಅಂತೀನಿ, ನೀನು ಅಮ್ಮ ಅಂತೀಯ. ಅಕ್ಕನಿಗೆ ಜ್ವರ ಬಂದ್ರೆ ಅಮ್ಮ ಆರಾಮಾಗಿ ಇರ್ತಾಳಾ? ಹಾಗೆ." ಹಾಗಾದರೆ ಅಂಕಿಯ ಪರೀಕ್ಷೆ ಯಾಕೆ ಸರಿಬಂತು ಎಂದು ಕೇಳಿದೆ. ಅಂಕಿಯನ್ನು ಒಳಗಿನಿಂದ ತಿದ್ದಲಾಗದು, ಎಡ ಎಂಬ ಹೆಸರನ್ನು ಬಿಚ್ಚಿ ಇನ್ನೊಂದು ಅಂಕಿಗೆ ಕಟ್ಟಿದಂತಾಯಿತು, ಹಳೆಯ ಅಂಕಿ ಬಲದ ಹತ್ತಿರವೇ ಉಳಿಯಿತು ಎಂದಳು. ಪಟ್ಟಿಯಾದರೆ ತಿದ್ದಲು ಬರುವಂಥದ್ದು. ಯಾವ ಹೆಸರಿಂದ ಕೈಹಾಕಿ ತಿದ್ದಿದರೂ ತಿದ್ದುವುದು ಅದೊಂದನ್ನೇ.

ಪರಿಹಾರ ಸುಲಭದ್ದೇ ಎನ್ನಿಸಿತು. ಸಮ ಎನ್ನುವ ಬದಲು ಕಾಪಿ ಮಾಡು ಎಂದು ಬರೆಯಬೇಕು, ಆಗ ಬೇರೆ ಪಟ್ಟಿ ಹುಟ್ಟುತ್ತದೆ. ಚಿಕ್ಕಮ್ಮ ಹಾಗೇ ಬರೆದಳು. ಈ ಸಲ ಬಲದ ಉದ್ದ ಬಲದ್ದೇ, ಎಡದ ಉದ್ದ ಎಡದ್ದೇ. ಹಿಮ್ಮಡಿಯ ಎತ್ತರವೂ ಬೇರೆ ಬೇರೆ. ಅಚ್ಚುಗಳು ಹೊರಬಂದಾಗ ಎರಡನ್ನೂ ಅಳೆದು ನೋಡಿ ಉಸಿರು ಬಿಟ್ಟಳು. ಎಡದ ಅಚ್ಚನ್ನು ಕೈಗೆತ್ತಿಕೊಂಡು ಕಣ್ಣು ಮುಚ್ಚಿ ಅಂಗೈಯಿಂದ ಸವರಿದಳು. ಬೂಟು ಹುಣ್ಣಿಗೆ ತಾಗದಿರಲೆಂದು ಬಿಟ್ಟ ಉಬ್ಬು, ಪಾದ ಜಾರದ ಹಾಗೆ ಕಿರುಬೆರಳಿನ ಪಕ್ಕ ಒಂದು ಅಕ್ಕಿಕಾಳಿನಷ್ಟು ಇಳಿಸಿದ ಅಂಚು, ಎಲ್ಲವೂ ಕೈಗೆ ಸಿಕ್ಕವು. ಬಲದ ಅಚ್ಚನ್ನು ಸವರಲಿಲ್ಲ. ಅದು ಸರಿಯಿರುವ ಕಾಲು, ಅದರ ಅಳತೆ ಅವಳಿಗೆ ಹುಟ್ಟಿದಾರಭ್ಯ ಗೊತ್ತಿದ್ದದ್ದು.

ಆ ಬೂಟು ಹಾಕಿಕೊಂಡು ಅಮ್ಮ ನಡೆದಳು. ಎಡಗಾಲಿನ ಹುಣ್ಣು ದಿನದಿಂದ ದಿನಕ್ಕೆ ಕುಗ್ಗಿತು. ನಾನು ಬೆಳಗ್ಗೆ ಎದ್ದರೆ ಮೊದಲು ಅದನ್ನೇ ನೋಡುವುದು. ಚಿಕ್ಕಮ್ಮ ಕೆಲಸ ಮುಗಿಸಿ ನಮ್ಮಲ್ಲಿಗೆ ಬಂದರೆ ಚೀಲ ಇಡುವ ಮೊದಲು ಅದನ್ನೇ ನೋಡುವುದು. ಮೂವರೂ ಕಣ್ಣಲ್ಲಿ ಕಣ್ಣಿಟ್ಟು ಎಡಗಾಲನ್ನು ಕಾದೆವು. ಹುಣ್ಣು ಮುಚ್ಚಿ ಹೊಸ ಚರ್ಮ ಕಂಡ ಸಂಜೆ ಚಿಕ್ಕಮ್ಮ ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅತ್ತೇಬಿಟ್ಟಳು.

ಅದಾದ ಸ್ವಲ್ಪ ದಿನಕ್ಕೆ, ಒಗೆಯಲು ಹಾಕಿದ್ದ ಬಲಗಾಲಿನ ಕಾಲುಚೀಲದ ತುದಿಯಲ್ಲಿ ಕಂದು ಕಲೆ ನೋಡಿದೆ. ಅಮ್ಮನ ಬಲಗಾಲನ್ನು ಎತ್ತಿ ನೋಡಿದರೆ ಕಿರುಬೆರಳು ಕಪ್ಪಾಗಿತ್ತು, ಅದರ ಪಕ್ಕದ್ದು ಊದಿಕೊಂಡಿತ್ತು. "ನೋವಿಲ್ವಲ್ಲೇ" ಎಂದಳು ಅಮ್ಮ. ಎಲ್ಲಿಂದ ಬರಬೇಕು ನೋವು. ಡಾಕ್ಟರು ಎಡಗಾಲು ನೋಡಿ ಶಹಬ್ಬಾಸ್ ಎಂದರು, ಬಲಗಾಲು ನೋಡಿ, ಬೂಟು ಒತ್ತಿದೆ ಎಂದು ಆಪರೇಷನ್ನಿಗೆ ಚೀಟಿ ಬರೆದರು. ಆ ಎರಡು ಬೆರಳು ತೆಗೆಯಲೇಬೇಕಾಯಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಂತ್ರದ ಮೇಲೆ, ಪೈಥಾನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಚಿಕ್ಕಮ್ಮನ ಮೇಲೆ. ಊನವಾದ ಕಾಲನ್ನು ಉಳಿಸಿ ನೆಟ್ಟಗಿದ್ದ ಕಾಲನ್ನು ಕೆಡಿಸಿದಳಲ್ಲ ಎಂದು ಹಲ್ಲು ಕಡಿದೆ. ಬಾಯಿಬಿಟ್ಟು ಅನ್ನಲು ಅವಳು ಕೈಗೇ ಸಿಗಲಿಲ್ಲ. ಆಪರೇಷನ್ ದಿನ ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತಿದ್ದವಳು ವಾರ್ಡಿನ ಒಳಗೆ ಬರಲಿಲ್ಲ. ಅವಳ ಮನೆ ಪಕ್ಕದ ಬೀದಿಯಲ್ಲೇ ಇದ್ದರೂ ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ. ಕೊನೆಗೆ ಒಂದು ಫೋನ್ ಮಾಡಿ, "ಅಕ್ಕನ ಬೂಟು ಇನ್ಮೇಲೆ ಬೇರೆಯವರು ಮಾಡ್ತಾರೆ. ನಾನು ಹೇಳಿದೀನಿ" ಎಂದು ಇಟ್ಟುಬಿಟ್ಟಳು.

ಬೇರೆಯವರು ಮಾಡಿದ ಬೂಟು ಬಂತು. ಅಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಅವಳು ಮಾಡಿದ್ದಲ್ದೆ ಇನ್ನೊಂದನ್ನ ನನ್ನ ಕಾಲು ಕಂಡಿಲ್ಲ" ಎಂದು ಕುರ್ಚಿಯಲ್ಲಿ ಕೂತವಳು ಕೂತೇ ಇದ್ದಳು. ಗಾಯ ಮಾಯ್ದ ಮೇಲೂ ಏಳಲಿಲ್ಲ. ಕಾಲಿನ ಮಾಂಸ ಕರಗುತ್ತಾ ಬಂತು. ಹೀಗೇ ಬಿಟ್ಟರೆ ಅಮ್ಮ ಆ ಕುರ್ಚಿಯಿಂದ ಏಳುವ ದಿನವೇ ಬರುವುದಿಲ್ಲ ಎಂದು ನನಗೆ ದಿಗಿಲಾಯಿತು. ಗದರಿದೆ, ಗೋಗರೆದೆ. ಒಂದು ದಿನ ಅಮ್ಮನೇ, "ನನ್ನ ಅವಳ ಹತ್ರ ಕರ್ಕೊಂಡು ಹೋಗು" ಎಂದಳು.

ಗಾಲಿಕುರ್ಚಿ ತಳ್ಳಿಕೊಂಡು ಆಸ್ಪತ್ರೆಯ ಹಿಂಬದಿಯ ಓಣಿಗುಂಟ ಹೋದೆ. ಚಿಕ್ಕಮ್ಮ ಮೇಜಿನ ಮುಂದೆ ನಿಂತಿದ್ದಳು. ಅವಳ ಮುಂದೆ ಅಮ್ಮನ ಅಚ್ಚುಗಳಿದ್ದವು. ನಮ್ಮನ್ನು ನೋಡಿ ಅವುಗಳ ಮೇಲೆ ಬಟ್ಟೆ ಎಳೆಯಲು ಹೋದಳು.

"ಮುಚ್ಚಬೇಡ" ಎಂದಳು ಅಮ್ಮ. "ಏನಾಯ್ತು ಅಂತ ನನಗೆ ಹೇಳು. ಸುತ್ತಿಬಳಸಬೇಡ."

ಚಿಕ್ಕಮ್ಮ ಬಲದ ಅಚ್ಚನ್ನು ಅಕ್ಕನ ಕೈಗಿಟ್ಟಳು. ಅದರ ಕಿರುಬೆರಳಿನ ಪಕ್ಕದಲ್ಲಿ ತನ್ನ ಹೆಬ್ಬೆರಳನ್ನು ಒತ್ತಿ ಹಿಡಿದಳು.

"ಕಾಪಿ ಮಾಡಿದ್ದೆ ಅಕ್ಕ. ಹೊರಗಿನ ದೊಡ್ಡ ಪಟ್ಟಿ ಬೇರೆ ಆಗಿತ್ತು. ಒಳಗಿನ ಸಣ್ಣ ಸಾಲುಗಳು ಬೇರೆ ಆಗಿರ್ಲಿಲ್ಲ, ಅವು ಎರಡು ಕಾಲಿಗೂ ಅವೇ. ಹಿಮ್ಮಡಿ, ನಡುಪಾದ ಎಲ್ಲ ಹೊಸದಾಗಿ ಅಳೆದು ಸಾಲಿಗೆ ಸಾಲೇ ಬದಲಾಯಿಸಿದ್ದೆ, ಅದಕ್ಕೇ ಅಲ್ಲಿ ತೊಂದ್ರೆ ಆಗ್ಲಿಲ್ಲ. ಬೆರಳಿನ ಸಾಲು ಎರಡು ಕಾಲಿಗೂ ಹೆಚ್ಚುಕಡಿಮೆ ಒಂದೇ ತಾನೆ ಅಂತ ಅದನ್ನ ಹಾಗೇ ಬಿಟ್ಟು, ಎಡಕ್ಕೆ ಅಂತ ಎರಡು ಅಂಕಿ ಮಾತ್ರ ಇಳಿಸಿದೆ. ಅದು ಬಲಕ್ಕೂ ಇಳಿದುಬಿಡ್ತು. ಒಂದು ಅಕ್ಕಿಕಾಳಿನಷ್ಟು."

"ಹೂಂ."

"ಒಳಗಿನ ತನಕ ಎಲ್ಲಾನೂ ಬೇರೆ ಮಾಡೋ ಕಾಪಿ ಇನ್ನೊಂದಿದೆ. ಅದು ನನಗೆ ಆಮೇಲೆ ಗೊತ್ತಾಯ್ತು." ಚಿಕ್ಕಮ್ಮ ಹೆಬ್ಬೆರಳನ್ನು ಇನ್ನೂ ಅಲ್ಲೇ ಒತ್ತಿ ಹಿಡಿದಿದ್ದಳು. "ಅದು ಗೊತ್ತಿಲ್ದಿದ್ರೂ ಪರವಾಗಿರ್ಲಿಲ್ಲ. ಒಂದ್ಸಲ ಕೈಯಲ್ಲಿ ಸವರಿದ್ರೆ ಸಿಕ್ಕಿರೋದು. ಅದು ಸರಿ ಇರೋ ಕಾಲು ಅಂತ ಆ ಕಡೆ ನೋಡ್ಲೇ ಇಲ್ಲ ನಾನು. ನಿನ್ನ ಎಡಗಾಲಿಗೆ ಅಂತ ಮಾಡಿದ್ದು ಬಲಗಾಲನ್ನ ತಿಂತು."

ಅಮ್ಮ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಆ ಅಂಚನ್ನು ತಾನೂ ಬೆರಳಿನಿಂದ ಸವರಿ ನೋಡಿದಳು. ಪಕ್ಕದ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೀಳಲಿ ಎಂದೇ ಕಾದಿದ್ದೆ.

"ನಮ್ಮಮ್ಮನೂ ನೋಡ್ಲಿಲ್ಲ" ಎಂದಳು ಅಮ್ಮ.

"ಯಾವುದನ್ನ?"

"ನಿನ್ನನ್ನ. ನನ್ನ ಕಾಲಿಗೆ ಅಂತ ಅವಳು ಇಳಿಸಿದ್ದೆಲ್ಲ ನಿನಗೂ ಇಳೀತು. ಓಟ, ಓದು, ಮದುವೆ. ಜ್ವರ ಬಂದಿದ್ದು ನನಗೆ. ನೀನು ಸರಿ ಇದ್ದೆ, ಅದಕ್ಕೇ ಯಾರೂ ನಿನ್ನ ಕಡೆ ತಿರುಗಿ ನೋಡ್ಲಿಲ್ಲ. ನಾನು ಕಿಟಕೀಲಿ ಕೂತು ಎಲ್ಲಾ ನೋಡ್ತಿದ್ದೆ, ನನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ನೀನೂ ಓಡ್ದೆ ಇದ್ರೆ ನನಗೆ ಒಂಥರಾ ಹಾಯಾಗಿರ್ತಿತ್ತು ಕಣೇ." ಅವಳು ಅಚ್ಚನ್ನು ಎತ್ತಿ ಮೇಜಿನ ಮೇಲಿಟ್ಟಳು. "ನನ್ನದು ಹೋಗಿದ್ದು ಎರಡು ಬೆರಳು ತಾನೆ."

ಚಿಕ್ಕಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅಕ್ಕನ ಮೊಣಕಾಲಿಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅವಳು ನನ್ನೆದುರು ನಗುತ್ತಾ ಹೇಳಿದ್ದ ಕತೆಗಳೆಲ್ಲ ನನಗೆ ಒಂದೊಂದಾಗಿ ನೆನಪಿಗೆ ಬಂದವು. ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ಅತ್ತೆ.

ಆಮೇಲೆ ಅವಳು ಎದ್ದು ಮುಖ ತೊಳೆದು ಟೇಪು ತಂದಳು. ಅಮ್ಮನ ಬಲಗಾಲನ್ನು ಮೊದಲು ಅಳೆದಳು, ಬೆರಳಿಲ್ಲದ ಜಾಗವನ್ನೂ ಸೇರಿಸಿ. ನಾನು ಕಂಪ್ಯೂಟರಿಗೆ ಹೊಡೆಯುತ್ತಾ ಹೋದೆ. ಅದು ಮುಗಿದ ಮೇಲೆ, "ಎಡಕ್ಕೆ ಇದನ್ನೇ ಆಳವಾಗಿ ಕಾಪಿ ಮಾಡ್ಲಾ? ಈಗ ಗೊತ್ತಲ್ಲ ನಿನಗೆ" ಎಂದು ಕೇಳಿದೆ. ಅವಳು ಬೇಡ ಎಂದು ತಲೆಯಾಡಿಸಿದಳು. ಎಡವನ್ನೂ ಮೊದಲ ಅಂಕಿಯಿಂದ ಬೇರೆಯಾಗಿ ಅಳೆದಳು. ಆ ಅಳತೆಯ ಬೂಟಿನಲ್ಲಿ ಅಮ್ಮ ಇವತ್ತಿಗೂ ನಡೆಯುತ್ತಾಳೆ. ಕೋಲು ಹಿಡಿದು, ನಿಧಾನವಾಗಿ, ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಬರುತ್ತಾಳೆ. ಅಚ್ಚು ಹೊರಬಂದಾಗಲೆಲ್ಲ ಚಿಕ್ಕಮ್ಮ ಈಗ ಎರಡನ್ನೂ ಸವರುತ್ತಾಳೆ, ಸರಿಯಿರುವುದನ್ನು ಮೊದಲು.

ಆ ದಿನ ಎಲ್ಲ ಮುಗಿಸಿ ಅವಳು ಟೇಪು ಸುತ್ತಿಡಲು ಹೋದಾಗ ಅಮ್ಮ ಕೈ ಚಾಚಿದಳು.

"ಇಲ್ಲಿ ಕೊಡು ಅದನ್ನ. ಚಪ್ಪಲಿ ಬಿಚ್ಚು."

"ಏನಕ್ಕಾ ಇದು? ನನ್ನ ಕಾಲು ಸರಿಯಾಗೇ ಇದೆ."

"ಅದಕ್ಕೇ. ಕೂತ್ಕೋ ಅಂದ್ರೆ ಕೂತ್ಕೋ."

ಚಿಕ್ಕಮ್ಮ ಸಣ್ಣ ಹುಡುಗಿಯ ಹಾಗೆ ಸ್ಟೂಲಿನ ಮೇಲೆ ಕೂತು, ಸವೆದ ರಬ್ಬರ್ ಚಪ್ಪಲಿ ಕಳಚಿ, ಕಾಲನ್ನು ಅಕ್ಕನ ತೊಡೆಯ ಮೇಲಿಟ್ಟಳು. ಊರ ಕಾಲುಗಳನ್ನೆಲ್ಲ ಅಳೆದವಳ ಕಾಲನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಅಮ್ಮನಿಗೆ ಟೇಪು ಹಿಡಿದು ಅಭ್ಯಾಸವಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ತಪ್ಪು ಕಡೆ ಹಿಡಿದರೆ ಚಿಕ್ಕಮ್ಮನೇ ತಿದ್ದಿದಳು.

"ಎಂಥ ಬೂಟು ಅಂತ ಬರ್ಕೊಳ್ಳಲಿ?" ಎಂದು ಕೇಳಿದೆ.

"ಓಡೋರು ಹಾಕ್ಕೋತಾರಲ್ಲ, ಅಂಥದ್ದು" ಎಂದಳು ಅಮ್ಮ, ತಲೆಯೆತ್ತದೆ.

ನಾನು ಯಾವುದಕ್ಕೂ ಸಮ ಎಂದು ಬರೆಯಲಿಲ್ಲ. ಚಿಕ್ಕಮ್ಮನ ಹೆಸರು ಬರೆದು, ಅದರ ಎದುರು ಒಂದು ಖಾಲಿ ಪಟ್ಟಿ ತೆರೆದು, ಅಮ್ಮ ಹೇಳುವ ಮೊದಲ ಅಂಕಿಗೆ ಕಾದೆ.